ಪೆಟ್ರೋಲಿಗಾಗಿ ಬಂದ ಪುಣ್ಯ

2021ರ ನವೆಂಬರಿನಲ್ಲಿ ನಮ್ಮ ಜಿಲ್ಲಾಡಳಿತ ಒಂದು ಆದೇಶ ಹೊರಡಿಸಿತು: ಕೊರೋನಾ ಲಸಿಕೆಯ ಒಂದು ಡೋಸಾದರೂ ಆಗದವರಿಗೆ ಪೆಟ್ರೋಲ್ ಇಲ್ಲ, ಗ್ಯಾಸ್ ಇಲ್ಲ, ರೇಷನ್ನೂ ಇಲ್ಲ. ಊರು ಆಗಿನ್ನೂ ಔರಂಗಾಬಾದ್, ಈಗ ಛತ್ರಪತಿ ಸಂಭಾಜಿನಗರ. ಸಿಡ್ಕೋ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯ ಭಾವೂಜಿ ಅಲ್ಲಿಯತನಕ "ಕಾಯುವವನು ಮೇಲಿದ್ದಾನೆ" ಅನ್ನುತ್ತಿದ್ದವರು. ಸ್ಕೂಟರಿನ ಟ್ಯಾಂಕ್ ಬರಿದಾದ ದಿನ ಹೋಗಿ ಚುಚ್ಚಿಸಿಕೊಂಡು ಬಂದರು. ಬಂದವರೇ, "ವಹಿನಿ, ಒತ್ತಾಯಕ್ಕೆ ಮಾಡಿದ್ದಕ್ಕೆ ಪುಣ್ಯ ಬರ್ತದೇನು?" ಎಂದರು.

ಬಡವರ ಗೋಧಿ ತಡೆದು ಕಲಿಸುವ ಧರ್ಮ ನನಗೆ ಒಪ್ಪಿಗೆಯಿಲ್ಲ. ಪೆಟ್ರೋಲಿನ ಮಾತು ಬೇರೆ. ಆದರೆ ಭಾವೂಜಿಯ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಾವು ಕೇಳಿ ಬೆಳೆದ ಪುರಾಣ-ಪ್ರವಚನಗಳಲ್ಲೆಲ್ಲ ಮನಸ್ಸೇ ಮುಖ್ಯ. ಗೊಣಗುತ್ತ ಕೊಟ್ಟ ದಾನಕ್ಕೆ ಫಲ ಕಡಿಮೆ.

ಮರುವರ್ಷ ಉತ್ತರ ಹೊಳೆದದ್ದು ನಾಸಿಕದಲ್ಲಿರುವ ಮಗಳ ಮನೆಯಲ್ಲಿ. ಅದೇ ಜಿಲ್ಲೆಯ ಮಾಲೆಗಾಂವದಲ್ಲಿ ದಡಾರ ಎದ್ದಿತ್ತು. ಮೊಮ್ಮಗನಿಗೆ ಐದು ತಿಂಗಳು. ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ಬಂದ ರಕ್ಷಣೆ ತಿಂಗಳು ಕಳೆದಂತೆ ಕರಗುತ್ತದೆ. ಅವನದೇ ಲಸಿಕೆಗೆ ಒಂಬತ್ತು ತಿಂಗಳು ತುಂಬಬೇಕು. ನಡುವಿನ ಆ ಬಯಲಲ್ಲಿ ಕೂಸನ್ನು ಕಾಯುವವರು ಯಾರು? ಕೆಳಗಿನ ಮನೆಯ ಹುಡುಗಿ, ಹಾಲಿನವನ ಮಗ, ಅಂಗನವಾಡಿಯ ಮಕ್ಕಳು. ಲಸಿಕೆಯಲ್ಲಿನ ದುರ್ಬಲಗೊಳಿಸಿದ ವೈರಾಣುವನ್ನು ಅವರ ಮೈ ಒಮ್ಮೆ ನೋಡಿ ಗುರುತಿಟ್ಟುಕೊಂಡಿದೆ. ನಿಜವಾದದ್ದು ಬಂದರೆ ಅಲ್ಲಿಯೇ ತಡೆಯುತ್ತದೆ, ಮುಂದಿನವರಿಗೆ ದಾಟಗೊಡುವುದಿಲ್ಲ. ರಕ್ಷಣೆಯೇ ಇಲ್ಲದ ಜನರ ನಡುವೆ ಒಬ್ಬ ದಡಾರ ರೋಗಿ 12ರಿಂದ 18 ಮಂದಿಗೆ ಅಂಟಿಸಬಲ್ಲ. ಅದಕ್ಕೇ ನೂರರಲ್ಲಿ 95 ಮಂದಿಗಾದರೂ ರಕ್ಷಣೆ ಇರಬೇಕು ಅನ್ನುವುದು.

ಆ ಹಾಲಿನವನು ಮಗನಿಗೆ ಸೂಜಿ ಹಾಕಿಸುವಾಗ ನನ್ನ ಮೊಮ್ಮಗನನ್ನು ನೆನೆದಿರಲಾರ. ಆಶಾ ಕಾರ್ಯಕರ್ತೆಯ ಕಾಟ ತಾಳಲಾರದೆ ಹಾಕಿಸಿದ್ದರೂ ಇರಬಹುದು. ಚಿತ್ರಗುಪ್ತ ಅದನ್ನು ಹೇಗೆ ಬರೆದುಕೊಳ್ಳುತ್ತಾನೋ, ಕೂಸಿಗೆ ಮಾತ್ರ ಫಲ ಪೂರ್ತಿ ಮುಟ್ಟಿತು. ಭಾವೂಜಿಗೂ ಇದನ್ನೇ ಹೇಳಿದೆ. ಕೊರೋನಾ ಲಸಿಕೆ ಸೋಂಕು ಹರಡುವುದನ್ನು ದಡಾರದ ಲಸಿಕೆಯಷ್ಟು ತಡೆಯುವುದಿಲ್ಲ, ಮುಖ್ಯವಾಗಿ ಹಾಕಿಸಿಕೊಂಡವರ ಜೀವ ಉಳಿಸುತ್ತದೆ. ಹಾಗಾಗಿ ನಿಮ್ಮ ಪುಣ್ಯದ ಮೊದಲ ಪಾಲು ನಿಮಗೇ ಎಂದೆ. ನಕ್ಕರು.

ಕಾಯುವವನ ಮೇಲಿನ ನಂಬಿಕೆಗೆ ಇದರಿಂದ ಕುಂದೇನೂ ಬಂದಿಲ್ಲ. ಭಾರತ ಸಿಡುಬಿನಿಂದ ಮುಕ್ತವೆಂದು 1977ರಲ್ಲಿ ಘೋಷಣೆಯಾಯಿತು, ಅಮ್ಮನ ಗುಡಿಗಳಲ್ಲಿ ದೀಪ ಆರಲಿಲ್ಲ. ಪ್ಲೇಗ್ ಹೋದರೂ ಬೆಂಗಳೂರಿನ ಪ್ಲೇಗ್ ಮಾರಮ್ಮನಿಗೆ ಪೂಜೆ ತಪ್ಪಿಲ್ಲ.

2027ರಲ್ಲಿ ನಾಸಿಕ-ತ್ರ್ಯಂಬಕೇಶ್ವರದ ಸಿಂಹಸ್ಥ. ಕಲಬುರಗಿ, ಬೀದರ ಕಡೆಯಿಂದ ನಮ್ಮವರೂ ರಾಮಕುಂಡಕ್ಕೆ ಬರುತ್ತಾರೆ, ಮೊಮ್ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು. ಹೊರಡುವ ಮೊದಲು ತಾಯಿ ಕಾರ್ಡು ತೆಗೆದು ನೋಡಿ: ದಡಾರ-ರುಬೆಲ್ಲಾ ಲಸಿಕೆ ಒಂಬತ್ತು ತಿಂಗಳು ತುಂಬಿದಾಗ ಒಮ್ಮೆ, ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳೊಳಗೆ ಇನ್ನೊಮ್ಮೆ. ಎರಡೂ ಆಗಿದ್ದರೆ ಕರೆತನ್ನಿ.