ಹಿತ್ತಲಿನ ಬುದ್ಧ

ಹಿತ್ತಲ ಗಿಡ ಮದ್ದಲ್ಲ. ಹತ್ತಿರದ್ದರ ಬೆಲೆ ಅರಿಯದವನನ್ನು ಮೂದಲಿಸಲು ಈ ಗಾದೆ ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತದೆ. ಆದರೆ ಹಿತ್ತಲ ಗಿಡವನ್ನು ಬೇಡವೆನ್ನುವವನು ಬರೀ ದಡ್ಡನಲ್ಲ, ಲೆಕ್ಕಾಚಾರದವನೂ ಹೌದು. ದೂರದ ಬೇರಿಗೆ ಕಾಸು ಕೊಟ್ಟರೆ ಮುಗಿಯಿತು. ಹಿತ್ತಲ ಗಿಡಕ್ಕಾದರೋ ಜಾಗ ಬಿಡಬೇಕು, ಅದರ ಮುಳ್ಳನ್ನೂ ತಾಳಿಕೊಳ್ಳಬೇಕು.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನವರಿಗೆ ಈ ತಾಳಿಕೆ ಗೊತ್ತು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಅಲ್ಲಿ ಗೂಡು ಕಟ್ಟುವುದು ಕಾಡಿನಲ್ಲಲ್ಲ, ಮನೆ ಪಕ್ಕದ ಹುಣಸೆಮರದಲ್ಲಿ. ಗೂಡಿರುವ ಮರದ ಹುಣಸೆ ಬಡಿಯುವಂತಿಲ್ಲ. ಅರಣ್ಯ ಇಲಾಖೆಯ ಪರಿಹಾರ ಬರುವುದಕ್ಕೆ ಎಷ್ಟೋ ಮೊದಲೇ ಊರವರು ಈ ನಷ್ಟ ಹೊತ್ತಿದ್ದರು. ಹಿಕ್ಕೆಯ ನಾತ ಬೇರೆ (ಗದ್ದೆಗೆ ಅದೇ ಗೊಬ್ಬರ ಅನ್ನಿ). ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದೇ ಅವರು ಆ ಹಕ್ಕಿಗಳನ್ನು ಕಾಣುತ್ತಾರೆ.

ಬೌದ್ಧಧರ್ಮಕ್ಕೂ ಕನ್ನಡ ನಾಡು ತವರಿದ್ದಂತೆಯೇ. ಮಸ್ಕಿ, ಬ್ರಹ್ಮಗಿರಿಗಳ ಬಂಡೆಗಳಲ್ಲಿ ಅಶೋಕನ ಶಾಸನಗಳಿವೆ. ಸನ್ನತಿ ಬಳಿಯ ಕನಗನಹಳ್ಳಿಯ ಸ್ತೂಪದಲ್ಲಿ ಅವನ ಹೆಸರು ಕೊರೆದ ಶಿಲ್ಪವೇ ಸಿಕ್ಕಿದೆ. ಆಳುಪ ದೊರೆ ಕುಂದವರ್ಮ 968ರಲ್ಲಿ ಪ್ರತಿಷ್ಠಾಪಿಸಿದ ಬೋಧಿಸತ್ವ ಲೋಕೇಶ್ವರ ಇವತ್ತಿಗೂ ಕದ್ರಿ ಮಂಜುನಾಥನ ಗುಡಿಯಲ್ಲಿದ್ದಾನೆ, ಪೂಜೆಯೂ ನಡೆಯುತ್ತದೆ. ಗಿಡವನ್ನು ಯಾರೂ ಕಿತ್ತಂತೆ ಕಾಣುವುದಿಲ್ಲ. ಯಾವ ಗಿಡವೆಂಬುದೇ ಮರೆತುಹೋಗಿದೆ.

ಬೌದ್ಧಧರ್ಮ ಇಲ್ಲಿಗೆ ಮರಳಿ ಬಂದದ್ದು ಎರಡು ದಾರಿಯಲ್ಲಿ. ಬೈಲುಕುಪ್ಪೆಯದು ಎಲ್ಲರಿಗೂ ಗೊತ್ತಿರುವ ದಾರಿ. 1960ರ ಸುಮಾರಿಗೆ ಅಂದಿನ ಮೈಸೂರು ಸರ್ಕಾರ ಅಲ್ಲಿ ಟಿಬೆಟ್ಟಿನ ನಿರಾಶ್ರಿತರಿಗೆ ಕಾಡುನೆಲ ಕೊಟ್ಟಿತು. ಅವರು ಕಾಡು ಕಡಿದು ಮುಸುಕಿನ ಜೋಳ ಬಿತ್ತಿದರು. 1963ರಲ್ಲಿ ಪೆನೋರ್ ರಿಂಪೋಚೆ ನಾಮ್ಡ್ರೋಲಿಂಗ್ ಮಠ ಕಟ್ಟಲು ತೊಡಗಿದರು. ಈಗ ಕೊಡಗಿಗೆ ಹೋಗುವವರೆಲ್ಲ ಆ ಮಠದ ಗೋಲ್ಡನ್ ಟೆಂಪಲ್ ಮುಂದೆ ಇಳಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಬುದ್ಧ ನಮ್ಮನ್ನು ಏನೂ ಕೇಳುವುದಿಲ್ಲ.

ಇನ್ನೊಂದು, 1956ರ ಅಕ್ಟೋಬರ್ 14ರಂದು ಅಂಬೇಡ್ಕರ್ ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆದು ತೆರೆದ ದಾರಿ. ಅದು ನಮ್ಮ ಹಳ್ಳಿಗಳ ದಲಿತ ಕೇರಿಗೆ ಬಂತು. ಈ ಬುದ್ಧ ಕೇಳುತ್ತಾನೆ: ಹೋಟೆಲಿನ ಲೋಟ ಯಾಕೆ ಬೇರೆ? ಕೆರೆ, ಗುಡಿ, ಸ್ಮಶಾನ ಯಾರವು? ಇಲ್ಲಿ ಊರು ಏನನ್ನಾದರೂ ಬಿಟ್ಟುಕೊಡಲೇಬೇಕು. ಹಕ್ಕಿಗಾಗಿ ಹುಣಸೆ ಬಿಡುವಷ್ಟು ಸುಲಭವಲ್ಲ, ಜಾತಿಯ ಮೇಲರಿಮೆ ಬಿಡುವುದು. ಅದಕ್ಕೇ ಟಿಬೆಟ್ಟಿನ ಬೌದ್ಧನಿಗೆ ಸಿಗುವ ಗೌರವ ಕೇರಿಯ ಬೌದ್ಧನಿಗೆ ಸಿಗಲಿಲ್ಲ.

ಸರ್ಕಾರದ ಕಾಗದವೂ ಬಹುಕಾಲ ಹಿತ್ತಲ ಗಿಡದ ಗಾದೆಯನ್ನೇ ಪಾಲಿಸಿತು. ಬೌದ್ಧನಾದ ದಲಿತ ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಾಗುತ್ತಿದ್ದ. ಅದು ಸರಿಹೋದದ್ದು 1990ರ ತಿದ್ದುಪಡಿಯಿಂದ. ಆದರೂ 2001ರಲ್ಲಿ ರಾಜ್ಯದಲ್ಲಿ 3.93 ಲಕ್ಷ ಇದ್ದ ಬೌದ್ಧರ ಲೆಕ್ಕ 2011ರ ಜನಗಣತಿಯಲ್ಲಿ ಒಂದು ಲಕ್ಷಕ್ಕೂ ಕಡಿಮೆಯಾಗಿತ್ತು. ಅಷ್ಟು ಮಂದಿ ಹತ್ತು ವರ್ಷದಲ್ಲಿ ಬುದ್ಧನನ್ನು ಬಿಟ್ಟರೆಂದು ನಾನಂತೂ ನಂಬಲಾರೆ. ಮನೆಯಲ್ಲಿ ಬುದ್ಧನ ಪಟವಿಟ್ಟುಕೊಂಡೂ, ಮಗನ ಜಾತಿ ಪ್ರಮಾಣಪತ್ರಕ್ಕೆ ತೊಡಕಾದೀತೆಂದು ಗಣತಿಯವರ ಮುಂದೆ ಬೇರೆ ಹೇಳುವ ಅಪ್ಪಂದಿರು ಇದ್ದೇ ಇದ್ದಾರೆ.