ಹಗ್ಗ ಮತ್ತು ಲೀಲೆ

ಫಲಾಪೇಕ್ಷೆಯಿಲ್ಲದೆ ಲೋಕದಲ್ಲಿ ಯಾರೂ ಯಾವ ಕಾರ್ಯಕ್ಕೂ ಕೈಯಿಕ್ಕರು. ಈಶ್ವರನಾದರೋ ಪೂರ್ಣಕಾಮನು, ಪಡೆಯಬೇಕಾದದ್ದು ಅವನಿಗೆ ಏನೊಂದೂ ಉಳಿದಿಲ್ಲ. ಹಾಗಿದ್ದ ಮೇಲೆ ಅವನು ಈ ಜಗತ್ತನ್ನು ಏಕೆ ಸೃಷ್ಟಿಸಿದನು ಎಂಬ ಆಕ್ಷೇಪವನ್ನು ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದಲ್ಲಿ ಬಾದರಾಯಣರು ತಾವೇ ಎತ್ತಿ, ಅದು ಅವನ ಲೀಲೆಯೇ ಹೊರತು ಬೇರೆಯಲ್ಲವೆಂದು ತಾವೇ ಸಮಾಧಾನ ಹೇಳಿದ್ದಾರೆ. ಇದನ್ನು ವಿವರಿಸಹೊರಟ ಶಂಕರರಿಗೆ ಬೇಕಾದದ್ದೆಲ್ಲವನ್ನೂ ಪಡೆದ ರಾಜನೊಬ್ಬನ ವಿಹಾರವೂ, ಮನುಷ್ಯನು ಸಹಜವಾಗಿ ಎಳೆದು ಬಿಡುವ ಉಸಿರೂ ದೃಷ್ಟಾಂತಗಳಾಗಿ ತೋರಿದವು. ರಾಮಾನುಜರಿಗೆ ಏಳು ದ್ವೀಪಗಳ ಭೂಮಿಯನ್ನು ಆಳುವ ಮಹಾರಾಜನ ಚೆಂಡಾಟ ತೋರಿತು. ಉಡುಪಿಯ ಆಚಾರ್ಯ ಮಧ್ವರಿಗೆ ಸುಖ ಉಕ್ಕಿಬಂದು ಮತ್ತನಾದವನ ಕುಣಿತವೂ ಹಾಡೂ ತೋರಿದವು. ಮಿಕ್ಕ ವಿಷಯಗಳಲ್ಲಿ ಒಬ್ಬರನ್ನೊಬ್ಬರು ಒಪ್ಪದ ಈ ಮೂವರೂ ದೇವರ ಕಾರ್ಯವನ್ನು ತಿಳಿಯಹೇಳುವುದಕ್ಕಾಗಿ ಮನುಷ್ಯನ ಆಟದ ಕಡೆಗೇ ತಿರುಗಬೇಕಾಯಿತೆಂಬುದನ್ನು ನೆನೆದಾಗಲೆಲ್ಲ, ಮಕ್ಕಳು ಆಡುತ್ತಿರುವ ಬಯಲಿನಲ್ಲಿ ಕಾಲಿಡುವಾಗ ಸ್ವಲ್ಪ ಮೆಲ್ಲಗೆ ನಡೆಯಬೇಕೆಂದು ನನಗೆ ಅನಿಸುತ್ತದೆ.

ಆದರೆ ಆ ಬಯಲಿನಲ್ಲಿ ಹಿರಿಯರು ತಮ್ಮ ಪ್ರಯೋಜನವನ್ನು ಬಿತ್ತಿದರೆ ಅಲ್ಲಿ ಬೆಳೆಯುವುದು ಇನ್ನೂ ಆಟವೇ ಆಗಿರುವುದೆ? ಈ ಪ್ರಶ್ನೆಗೆ ಉತ್ತರವನ್ನು ಅರಸುವವನು ಅಮೆರಿಕದ ವಿಶ್ವವಿದ್ಯಾನಿಲಯಗಳು ಬೇಸಿಗೆಯಲ್ಲಿ ಮಕ್ಕಳಿಗಾಗಿ ನಡೆಸಿದ ಶಿಬಿರಗಳನ್ನು ನೋಡಬೇಕು. ಅವುಗಳಲ್ಲಿ ಬಹುಪಾಲು ನಿರ್ಮಲವಾದ ಔದಾರ್ಯದಿಂದ ಹುಟ್ಟಿದವು; ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು 1930ರ ದಶಕದಿಂದಲೂ ನಗರದ ಬಡಮಕ್ಕಳನ್ನು ಬೆಟ್ಟಗಾಡಿಗೆ ಕರೆದೊಯ್ದು ತಾವೇ ಅವರ ಅಣ್ಣ ಅಕ್ಕಂದಿರಾಗಿ ನಡೆದುಕೊಂಡುಬಂದಿದ್ದಾರೆ. ಅಂಥ ಕಡೆ ಕೇಳಬೇಕಾದ ಪ್ರಶ್ನೆ ಹೆಚ್ಚಿಲ್ಲ. ಪ್ರಶ್ನೆ ತೀಕ್ಷ್ಣವಾಗುವುದು 1954ರ ಬೇಸಿಗೆಯಲ್ಲಿ ಓಕ್ಲಹೋಮ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ಮುಜಫರ್ ಷೆರೀಫರು ರಾಬರ್ಸ್ ಕೇವ್ ಎಂಬ ಗುಡ್ಡಗಾಡಿನ ಉದ್ಯಾನದಲ್ಲಿ ನಡೆಸಿದ ಶಿಬಿರದಲ್ಲಿ.

ಹನ್ನೊಂದು ಹನ್ನೆರಡು ವಯಸ್ಸಿನ, ಒಬ್ಬರನ್ನೊಬ್ಬರು ಅರಿಯದ 22 ಹುಡುಗರನ್ನು ಎರಡು ತಂಡಗಳಾಗಿ, ಒಂದರ ಸುಳಿವು ಇನ್ನೊಂದಕ್ಕೆ ತಿಳಿಯದಂತೆ, ಅಲ್ಲಿಗೆ ಕರೆತರಲಾಯಿತು. ಈಜು, ನಡಿಗೆ, ಅಡುಗೆಗಳಲ್ಲಿ ಒಂದು ವಾರ ಕಳೆಯುವುದರೊಳಗೆ ಪ್ರತಿಯೊಂದು ತಂಡವೂ ತನಗೊಂದು ಬಾವುಟವನ್ನೂ ಹೆಸರನ್ನೂ ಮಾಡಿಕೊಂಡಿತು: ಒಂದಕ್ಕೆ ಬುಡುಬುಡಿಕೆಯಂತೆ ಬಾಲವನ್ನಾಡಿಸುವ ಹಾವಿನ ಹೆಸರು, ಇನ್ನೊಂದಕ್ಕೆ ಹದ್ದಿನ ಹೆಸರು. ಗರುಡನಿಗೂ ನಾಗಗಳಿಗೂ ಇರುವ ಹಳೆಯ ವೈರದ ಕಥೆಯನ್ನು ಕೇಳಿ ಬೆಳೆದ ನಾವು ಇದನ್ನು ಓದಿ ಬೆಚ್ಚುತ್ತೇವೆ. ಆ ಮಕ್ಕಳಿಗೆ ಅದರ ಗೊಡವೆಯೇ ಇರಲಿಲ್ಲ. ಅನಂತರ ಬೇಸ್‌ಬಾಲ್, ಹಗ್ಗಜಗ್ಗಾಟ, ಡೇರೆ ಹೂಡುವಿಕೆ ಮೊದಲಾದ ಪಂದ್ಯಗಳನ್ನು ಏರ್ಪಡಿಸಿ, ಗೆದ್ದ ತಂಡಕ್ಕೆ ಪಾರಿತೋಷಕವೂ, ಅದರ ಒಬ್ಬೊಬ್ಬ ಹುಡುಗನಿಗೂ ಪದಕವೂ ಚಾಕುವೂ ದೊರೆಯುವುದೆಂದು ಸಾರಿದರು. ಸೋತವರಿಗೆ ಏನೂ ಇಲ್ಲ. ಕೆಲವೇ ದಿನಗಳಲ್ಲಿ ಬೈಗುಳಗಳು ಕೇಳಿಬಂದವು, ಬಾವುಟ ಸುಟ್ಟುಹೋಯಿತು, ರಾತ್ರಿಯ ಹೊತ್ತು ಒಂದು ತಂಡ ಇನ್ನೊಂದರ ಬಿಡಾರಕ್ಕೆ ನುಗ್ಗಿತು. ಇಷ್ಟಕ್ಕೂ ಕಾರಣರಾದ ಷೆರೀಫರು ಶಿಬಿರದ ಕೆಲಸದಾಳಿನಂತೆ ವೇಷ ತೊಟ್ಟು ಅಲ್ಲಿಯೇ ಓಡಾಡುತ್ತ ಎಲ್ಲವನ್ನೂ ನೋಡುತ್ತಿದ್ದರು.

ಅವರ ಉದ್ದೇಶ ಕ್ಷುದ್ರವಾದುದಾಗಿರಲಿಲ್ಲ. ತುರ್ಕಿಯಲ್ಲಿ ಹುಟ್ಟಿದ ಅವರು 1919ರಲ್ಲಿ ಗ್ರೀಕ್ ಸೈನ್ಯ ಇಜ್ಮಿರ್ ನಗರಕ್ಕೆ ಬಂದಾಗ ಇನ್ನೂ ಬಾಲಕರು; ಜನಾಂಗದ ದ್ವೇಷದಿಂದ ಮನುಷ್ಯರು ಮನುಷ್ಯರನ್ನು ಕೊಂದುದನ್ನು ಆ ಎಳೆಯ ಕಣ್ಣು ಕಂಡಿತ್ತು. ದ್ವೇಷ ಹುಟ್ಟುವ ಬಗೆಯನ್ನೂ ಅಡಗುವ ಬಗೆಯನ್ನೂ ಅರಿಯಬೇಕೆಂಬ ಹಂಬಲ ಅಂಥವರಿಗೆ ಬಂದುದರಲ್ಲಿ ಆಶ್ಚರ್ಯವಿಲ್ಲ. ಆದರೂ ನನ್ನ ಮನಸ್ಸು ಒಪ್ಪುವುದಿಲ್ಲ. ಒಂದೇ ಮರದಲ್ಲಿ ಕುಳಿತ ಎರಡು ಹಕ್ಕಿಗಳಲ್ಲಿ ಒಂದು ಹಣ್ಣನ್ನು ತಿನ್ನುತ್ತಿರಲು ಇನ್ನೊಂದು ತಿನ್ನದೆ ಸುಮ್ಮನೆ ನೋಡುತ್ತಿರುವುದೆಂಬ ಉಪನಿಷತ್ತಿನ ಚಿತ್ರದಲ್ಲಿ, ನೋಡುವ ಹಕ್ಕಿಗೆ ಸಾಕ್ಷಿಯೆಂಬ ಪದವಿ ಬಂದದ್ದು ಅದಕ್ಕೆ ಹಣ್ಣಿನ ಆಸೆಯಿಲ್ಲದ್ದರಿಂದ. ಈ ಶಿಬಿರದಲ್ಲಿ ನೋಡುತ್ತಿದ್ದವನಿಗೆ ಹಣ್ಣು ಬೇಕಾಗಿತ್ತು. ಹುಡುಗರ ಜಗಳವೇ ಆ ಹಣ್ಣು. ತಾವು ಹಣ್ಣಾಗಿದ್ದೇವೆಂಬುದನ್ನು ಆ ಹುಡುಗರಿಗೆ ಯಾರೂ ತಿಳಿಸಿರಲಿಲ್ಲ.

ಹಿಂದಿನ ವರ್ಷ, 1953ರಲ್ಲಿ, ನ್ಯೂಯಾರ್ಕ್ ಸಂಸ್ಥಾನದಲ್ಲಿ ಷೆರೀಫರೇ ನಡೆಸಿದ ಇಂಥದೇ ಶಿಬಿರವೊಂದು ಕೈಗೂಡದೆ ನಿಂತುಹೋಯಿತು. ಅಲ್ಲಿಯ ಹುಡುಗರು ಮೊದಲೇ ಸ್ನೇಹಿತರಾಗಿಬಿಟ್ಟಿದ್ದರು. ಅನಂತರ ಅವರನ್ನು ಬೇರ್ಪಡಿಸಿ, ಹಿರಿಯರೇ ಗುಟ್ಟಾಗಿ ಕೆಣಕಿದರೂ ಅವರು ಹೊಡೆದಾಡಲಿಲ್ಲ, ಇದು ಹಿರಿಯರದೇ ಕೈವಾಡವೆಂದು ಸಂಶಯಪಟ್ಟರು. ಶಾಸ್ತ್ರದ ಲೆಕ್ಕದಲ್ಲಿ ವಿಫಲವಾದ ಆ ಶಿಬಿರವೇ ನನಗೆ ಹೆಚ್ಚು ಪ್ರಿಯವಾದುದು.

ಓಕ್ಲಹೋಮದ ಕಥೆಗೆ ಉತ್ತರಾರ್ಧವುಂಟು. ಎರಡು ತಂಡಗಳನ್ನೂ ಒಟ್ಟಿಗೆ ಊಟಕ್ಕೆ ಕೂರಿಸಿದರೆ ಸ್ನೇಹವಾಗಲಿಲ್ಲ. ಆಹಾರವನ್ನೇ ಒಬ್ಬರಮೇಲೊಬ್ಬರು ಎರಚಾಡಿದರು. ಆಮೇಲೆ ಕುಡಿಯುವ ನೀರು ನಿಂತುಹೋಯಿತು, ಕೊಳವೆಯಲ್ಲಿ ಸಿಕ್ಕಿಕೊಂಡಿದ್ದುದನ್ನು ಎಲ್ಲರೂ ಸೇರಿ ತೆಗೆಯಬೇಕಾಯಿತು. ಊಟ ತರಬೇಕಾದ ಲಾರಿ ಕೆಟ್ಟು ನಿಂತಿತು. ಇವೂ ಹಿರಿಯರೇ ಹೂಡಿದ ಸಂದರ್ಭಗಳು. ಆದರೆ ಲಾರಿಯನ್ನು ಎಳೆಯಲು ಹುಡುಗರು ತಂದ ಹಗ್ಗ ಯಾವುದು? ಮುನ್ನ ಜಗ್ಗಾಟದಲ್ಲಿ ಒಬ್ಬರಿಗೊಬ್ಬರು ಎದುರಾಗಿ ನಿಂತು ಎಳೆದಿದ್ದ ಅದೇ ಹಗ್ಗ. ಈಗ ಎಲ್ಲರೂ ಒಂದೇ ಕಡೆ ನಿಂತು ಎಳೆದರು.

ಇಲ್ಲಿ ಕ್ಷೀರಸಾಗರದ ಕಥೆ ನೆನಪಾಗದಿರದು. ದೇವತೆಗಳೂ ಅಸುರರೂ ವಾಸುಕಿಯನ್ನು ಹಗ್ಗ ಮಾಡಿಕೊಂಡು ಎದುರುಬದುರಾಗಿ ನಿಂತು ಎಳೆದರು. ಮೇಲುನೋಟಕ್ಕೆ ಜಗ್ಗಾಟ, ನಿಜದಲ್ಲಿ ಸಹಕಾರ, ಏಕೆಂದರೆ ಒಬ್ಬರು ಬಿಟ್ಟರೂ ಮಂದರ ತಿರುಗದು. ಹಾಲಾಹಲ ಬಂದಾಗಲೂ ಅವರು ಒಡೆಯಲಿಲ್ಲ. ಅಮೃತದ ಕಲಶ ಮೇಲೆದ್ದ ಕೂಡಲೇ ಯುದ್ಧ ಮೊದಲಾಯಿತು. ಅವರನ್ನು ಬೇರೆ ಮಾಡಿದ್ದು ವಿಷವಲ್ಲ, ಒಬ್ಬರಿಗಾದರೆ ಇನ್ನೊಬ್ಬರಿಗಿಲ್ಲವೆಂಬ ಫಲ. ಗುಡ್ಡಗಾಡಿನ ಆ ಪಾರಿತೋಷಕವನ್ನೂ ಚಾಕುಗಳನ್ನೂ ನಾನು ಈ ಕಲಶದ ಪಕ್ಕದಲ್ಲಿಟ್ಟು ನೋಡುತ್ತೇನೆ. ಸೋಲು ಗೆಲವುಗಳು ಆಟದಲ್ಲಿ ಎಂದೂ ಇದ್ದವು, ಅವುಗಳಿಂದ ಆಟ ಕೆಡುವುದಿಲ್ಲ. ಆಟದ ಹೊರಗಿನಿಂದ ತಂದ ವಸ್ತುವೊಂದನ್ನು ಅದರ ತುದಿಯಲ್ಲಿ ಕಟ್ಟಿ ತೂಗಿದಾಗ ಅದು ಕೆಡುತ್ತದೆ. ಅಷ್ಟರಮಟ್ಟಿಗೆ ಮೊದಲು ಹೇಳಿದ ಆಕ್ಷೇಪದ ಮಾತೇ ನಿಜವಾಗುತ್ತದೆ: ಪ್ರಯೋಜನವಿಲ್ಲದೆ ಯಾರೂ ಕೈಯಿಕ್ಕರು.

ಶಿಬಿರ ಮುಗಿದಾಗ ಊರಿಗೆ ಮರಳಲು ಹುಡುಗರಲ್ಲಿ ಬಹುಪಾಲು ಜನ ಒಂದೇ ಬಸ್ಸು ಸಾಕೆಂದರು. ನಡುದಾರಿಯಲ್ಲಿ ತಿಂಡಿಗೆಂದು ನಿಂತಾಗ, ಹಾವಿನ ಹೆಸರಿನ ತಂಡದವರ ಹತ್ತಿರ ಒಂದು ಪಂದ್ಯದಲ್ಲಿ ಗೆದ್ದ 5 ಡಾಲರು ಖರ್ಚಾಗದೆ ಉಳಿದಿತ್ತು. ಹದ್ದಿನವರಿಗೆ ಅದರಲ್ಲಿ ಯಾವ ಹಕ್ಕೂ ಇರಲಿಲ್ಲ. ಹುಡುಗರು ಆ ಹಣದಿಂದ ಬಸ್ಸಿನಲ್ಲಿದ್ದ ಅಷ್ಟೂ ಗೆಳೆಯರಿಗೆ ಮಾಲ್ಟೆಡ್ ಹಾಲನ್ನು ಕೊಂಡು, ತಾವೂ ಅವರ ನಡುವೆ ಕುಳಿತು ಕುಡಿದರು.