ಕರಾರು ಹೋದರೂ ವರ ಹೋಗದು



ಕೊರಿಂಥದಲ್ಲಿ ಸಂತ ಪೌಲರು ಗುಡಾರ ಮಾಡುವ ಕಸುಬಿನಿಂದ ಹೊಟ್ಟೆ ಹೊರೆದರು, ಸಬ್ಬತ್ ದಿನ ಪ್ರಾರ್ಥನಾಮಂದಿರದಲ್ಲಿ ಶುಭಸಂದೇಶ ಸಾರಿದರು (ಪ್ರೇ.ಕಾ. 18:3-4). ಸಂಬಳ ಕೊಡುವವರಿಲ್ಲವೆಂದು ದೇವರ ಕರೆ ನಿಲ್ಲಲಿಲ್ಲ.

1996ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ರಾಕ್ ತಂಡ ದೊಡ್ಡ ಸಂಗೀತ ಕಂಪೆನಿಗಳನ್ನು ನಂಬಿ ಕೂರದೆ ಹಲವು ಆಲ್ಬಂಗಳನ್ನು ತಾನೇ ಹೊರತಂದಿತು. ಸದಸ್ಯರು ಸಂಗೀತ ಶಾಲೆ ತೆರೆದು ಪಾಠ ಹೇಳಿದರು. ಅದು ಅವರ ಗುಡಾರದ ಕಸುಬು. ಹಾಡು ಮುಂದುವರಿಯಿತು.

ದಟ್ಟಗಳ್ಳಿಯ ಯಾವುದೋ ಮನೆಯಲ್ಲಿ ಕರಾರು ಕಳೆದುಕೊಂಡ ಮಗನೋ ಮಗಳೋ ಇಂದು ಗಿಟಾರನ್ನು ಅಟ್ಟಕ್ಕೇರಿಸುತ್ತಿರಬಹುದು. ತಂದೆತಾಯಿಯರೇ, ‘ಆಗಲೇ ಹೇಳಿರಲಿಲ್ಲವೇ?’ ಎನ್ನಬೇಡಿ. ದುಡಿಮೆಗೆ ದಾರಿ ತೋರಿಸಿ, ಹಾಡಲು ಸಂಜೆಯೊಂದನ್ನು ಉಳಿಸಿಕೊಡಿ. ಕಂಪೆನಿ ಕೊಟ್ಟದ್ದನ್ನು ಕಂಪೆನಿ ಹಿಂಪಡೆಯಬಹುದು. ಕೊರಳು ಕೊಟ್ಟವರು ದೇವರು. ಭಾನುವಾರದ ಬಲಿಪೂಜೆಯಲ್ಲಿ ಆ ಕೊರಳೂ ಕೇಳಿಸಲಿ.